ಸುಸ್ತು, ತೂಕ, ಕೂದಲು ಉದುರುವುದು: ಇದು ಥೈರಾಯ್ಡ್ ಇರಬಹುದಾ?

ಪ್ರಶ್ನೆ: ನನಗೆ 38 ವರ್ಷ. ಏಳೆಂಟು ತಿಂಗಳಿಂದ ವಿಪರೀತ ಸುಸ್ತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೂ ಬೆಳಿಗ್ಗೆ ಏಳುವಾಗ ಮೈ ಭಾರ. ನಾಲ್ಕು ಕೆ.ಜಿ. ತೂಕ ಜಾಸ್ತಿಯಾಗಿದೆ. ತಲೆ ಬಾಚಿದರೆ ಕೂದಲು ಕೈತುಂಬ ಬರುತ್ತದೆ. ಅಕ್ಕನಿಗೆ ಥೈರಾಯ್ಡ್ ಇದೆ, 'ನಿನಗೂ ಅದೇ' ಅನ್ನುತ್ತಾಳೆ. ಮನೆಯವರು 'ಕೆಲಸದ ಒತ್ತಡ, ಅಷ್ಟೇ' ಅನ್ನುತ್ತಾರೆ. ಲಕ್ಷಣಗಳ ಪಟ್ಟಿ ಓದಿದರೆ ಎಲ್ಲವೂ ನನಗೇ ಇದ್ದ ಹಾಗೆ ಕಾಣುತ್ತದೆ. ಇನ್ನೊಂದು ಮಾತು. ಅಮ್ಮನಿಗೆ 67. ಅವರದ್ದು ನನ್ನ ಹಾಗಲ್ಲ, ಹೊಟ್ಟೆತುಂಬ ಊಟ ಮಾಡಿದರೂ ಸೊರಗುತ್ತಿದ್ದಾರೆ. ಆಗಾಗ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾರೆ. ವಯಸ್ಸಾಯಿತು ಅಂತ ನಾವೂ ಸುಮ್ಮನಿದ್ದೇವೆ. ಥೈರಾಯ್ಡ್ ತೊಂದರೆಯನ್ನು ಗುರುತಿಸುವುದು ಹೇಗೆ? ಯಾವಾಗ ಪರೀಕ್ಷೆ ಮಾಡಿಸಬೇಕು?

ಉತ್ತರ: ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಆದರೆ ಮೊದಲು ಅಮ್ಮನನ್ನು ಕರೆದುಕೊಂಡು ಹೋಗಿ, ಇದೇ ವಾರದಲ್ಲಿ. ನಿಮ್ಮದು ಕೆಲವು ದಿನ ತಡವಾದರೂ ಪರವಾಗಿಲ್ಲ. 'ಇನ್ನೊಂದು ಮಾತು' ಅಂತ ಕೊನೆಗೆ ಸೇರಿಸಿದ್ದೀರಲ್ಲ, ನನಗೆ ಹೆಚ್ಚು ಚಿಂತೆಯಾಗಿದ್ದು ಅದನ್ನು ಓದಿಯೇ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ವಿಚಾರ ನೋಡೋಣ.

ಪಟ್ಟಿಯಲ್ಲಿರುವುದೆಲ್ಲ ನಿಮಗೇ ಇದ್ದ ಹಾಗೆ ಕಾಣುವುದು ಸಹಜ. ಸುಸ್ತು, ಕೂದಲು ಉದುರುವುದು, ತೂಕ ಏರುವುದು, ಇವು ಹತ್ತಾರು ಕಾರಣಕ್ಕೆ ಬರುತ್ತವೆ. ಕಬ್ಬಿಣಾಂಶ ಕಡಿಮೆಯಾದರೂ ಸುಸ್ತು. ನಿದ್ದೆಯ ಗುಣಮಟ್ಟ ಕೆಟ್ಟರೂ ಸುಸ್ತು. ಮನಸ್ಸು ಕುಗ್ಗಿದ್ದರೂ ಸುಸ್ತು. ಪಟ್ಟಿ ಮುಂದಿಟ್ಟುಕೊಂಡು 'ಇದೆ, ಇಲ್ಲ' ಅಂತ ಗುರುತು ಹಾಕುತ್ತಾ ಹೋದರೆ ಆರೋಗ್ಯವಾಗಿರುವವರಿಗೂ ನಾಲ್ಕೈದು ಸಿಗುತ್ತವೆ. ಇನ್ನೊಂದು ಕಡೆ, ನಿಜವಾಗಿ ಥೈರಾಯ್ಡ್ ತೊಂದರೆ ಇರುವವರಲ್ಲಿ ಎಷ್ಟೋ ಜನರಿಗೆ ಎದ್ದು ಕಾಣುವ ಲಕ್ಷಣ ಒಂದೂ ಇರುವುದಿಲ್ಲ.

ಹಾಗಾಗಿ ನಾನು ರೋಗಿಗಳನ್ನು ಕೇಳುವುದೇ ಬೇರೆ. ಒಂದು ವರ್ಷದ ಹಿಂದೆ ಹೇಗಿದ್ದಿರಿ, ಈಗ ಹೇಗಿದ್ದೀರಿ? ನೀವು ಹುಟ್ಟಿದಾಗಿನಿಂದ ಚಳಿ ತಡೆಯದವರಾಗಿದ್ದರೆ ಅದು ನಿಮ್ಮ ಗುಣ. ಎಲ್ಲರೂ ಫ್ಯಾನ್ ಬೇಕು ಅನ್ನುವಾಗ ನಿಮಗೊಬ್ಬರಿಗೇ ಹೊದಿಕೆ ಬೇಕಾಗುತ್ತಿದ್ದು, ಅದು ಈಚೆಗೆ ಶುರುವಾಗಿದ್ದರೆ ಅದು ಸುಳಿವು. ಎರಡನೆಯದಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಅಂಗಗಳಲ್ಲಿ ಒಟ್ಟೊಟ್ಟಿಗೆ ಬದಲಾವಣೆ ಬಂದಿದೆಯಾ ಅಂತ ನೋಡುತ್ತೇನೆ. ಚರ್ಮ, ಕರುಳು, ಎದೆಬಡಿತ, ಮುಟ್ಟು, ದನಿ, ಮನಸ್ಸು. ಮತ್ತೆ, ಆ ಬದಲಾವಣೆಗಳೆಲ್ಲ ಒಂದೇ ದಿಕ್ಕಿನಲ್ಲಿ ಇವೆಯಾ ಅನ್ನುವುದು ಬಹಳ ಮುಖ್ಯ. ಎಲ್ಲವೂ ನಿಧಾನವಾಗುತ್ತಿವೆಯಾ, ಎಲ್ಲವೂ ಅತಿವೇಗಕ್ಕೆ ಹೋಗುತ್ತಿವೆಯಾ? ಥೈರಾಯ್ಡ್ ಅನುಮಾನ ಗಟ್ಟಿಯಾಗುವುದು ಇಲ್ಲಿ. ಬರೀ ಕೂದಲು ಉದುರಿದರೆ ಅಲ್ಲ.

ಗ್ರಂಥಿ ಮಾಡುವ ಕೆಲಸ

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿ, ಗಂಟಲಿನ ಎದ್ದು ಕಾಣುವ ಗಟ್ಟಿ ಭಾಗದ ಕೆಳಗೆ, ಉಸಿರುನಾಳಕ್ಕೆ ಅಂಟಿಕೊಂಡಿರುವ ಪುಟ್ಟ ಗ್ರಂಥಿ. ದೊಡ್ಡವರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ. ಇದು ಅಯೋಡಿನ್ ಬಳಸಿ ಟಿ4 ಮತ್ತು ಟಿ3 ಅನ್ನುವ ಹಾರ್ಮೋನುಗಳನ್ನು ತಯಾರಿಸುತ್ತದೆ. ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಯಾವ ವೇಗದಲ್ಲಿ ಕೆಲಸ ಮಾಡಬೇಕು ಅನ್ನುವುದು ಇವುಗಳ ಕೈಯಲ್ಲಿದೆ. ಅದಕ್ಕೇ ಹೆಚ್ಚುಕಮ್ಮಿಯಾದರೆ ಕಾಲಿನ ಹಿಮ್ಮಡಿಯಿಂದ ನೆನಪಿನ ಶಕ್ತಿಯವರೆಗೆ ಎಲ್ಲ ಕಡೆ ಪರಿಣಾಮ ಕಾಣುತ್ತದೆ.

ಈ ಗ್ರಂಥಿಗೆ ಅಪ್ಪಣೆ ಕೊಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಕಳಿಸುವ ಹಾರ್ಮೋನೇ ಟಿಎಸ್‌ಎಚ್. ರಿಪೋರ್ಟ್ ನೋಡಿ ತುಂಬಾ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. 'ಟಿಎಸ್‌ಎಚ್ ಜಾಸ್ತಿ ಇದೆ, ಅಂದರೆ ಥೈರಾಯ್ಡ್ ಜಾಸ್ತಿ ಇದೆ' ಅಂದುಕೊಳ್ಳುತ್ತಾರೆ. ಅದು ತಿರುವುಮುರುವು. ಕೆಲಸದವರು ನಿಧಾನ ಮಾಡಿದಷ್ಟೂ ಮೇಸ್ತ್ರಿ ಜೋರಾಗಿ ಕೂಗುತ್ತಾನೆ, ಅಲ್ವಾ? ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡಿದಾಗ ಟಿಎಸ್‌ಎಚ್ ತಳ ಸೇರುತ್ತದೆ. ಟಿ4ನಲ್ಲಿ ಸಣ್ಣ ಏರುಪೇರಾದರೂ ಟಿಎಸ್‌ಎಚ್‌ನಲ್ಲಿ ದೊಡ್ಡ ಬದಲಾವಣೆ ಕಾಣುತ್ತದೆ. ಅದಕ್ಕೇ ಮೊದಲ ಪರೀಕ್ಷೆ ಅದೇ.

ಥೈರಾಯ್ಡ್ ಕಡಿಮೆಯಾದಾಗ

ನಿಮ್ಮ ಅನುಮಾನ ಇರುವುದು ಈ ಕಡೆಗೆ. ಇದು ಮೆಲ್ಲಗೆ ಬರುವ ತೊಂದರೆ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಇವತ್ತಿಗೂ ನಿನ್ನೆಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎಷ್ಟೋ ಸಲ ತುಂಬಾ ದಿನಗಳ ನಂತರ ಭೇಟಿಯಾದ ಗೆಳತಿಯೇ 'ಯಾಕೆ ಮುಖ ಹೀಗೆ ಊದಿಕೊಂಡಿದೆ?' ಅಂತ ಕೇಳುತ್ತಾಳೆ. ಎರಡು ವರ್ಷದ ಹಿಂದಿನ ನಿಮ್ಮದೊಂದು ಫೋಟೊ ತೆಗೆದು ಕನ್ನಡಿಯ ಪಕ್ಕ ಹಿಡಿದು ನೋಡಿ. ಕಣ್ಣಿನ ಸುತ್ತ ಬಾತಿದೆಯಾ, ರೆಪ್ಪೆ ದಪ್ಪಗಾಗಿದೆಯಾ, ಮುಖದಲ್ಲಿ ಒಂಥರಾ ಬಿಳಿಚು ಬಂದಿದೆಯಾ? ಹುಬ್ಬಿನ ಹೊರತುದಿ ತೆಳುವಾಗಿದೆಯಾ ಅಂತಲೂ ನೋಡಿ. ಹುಬ್ಬು ತೆಳುವಾಗುವುದಕ್ಕೆ ವಯಸ್ಸೂ ಕಾರಣ ಇರಬಹುದು. ಅದೊಂದನ್ನೇ ನಂಬಬೇಡಿ.

ಚರ್ಮ ಒಣಗುವುದು ಎಲ್ಲರಿಗೂ ಆಗುತ್ತದೆ. ಥೈರಾಯ್ಡ್ ಕಡಿಮೆಯಾದಾಗಿನ ಒಣಗುವಿಕೆ ಬೇರೆ ಥರ. ಮುಟ್ಟಿದರೆ ತಣ್ಣಗೆ, ಒರಟು. ಬೆವರು ಕಡಿಮೆ. ಮೊದಲು ಹಚ್ಚುತ್ತಿದ್ದ ಎಣ್ಣೆ, ಕ್ರೀಮು ಈಗ ಸಾಲುವುದಿಲ್ಲ. ಮೊಣಕೈ, ಮೊಣಕಾಲು, ಹಿಮ್ಮಡಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೂದಲು ಒಂದೇ ಜಾಗದಲ್ಲಿ ಬೊಕ್ಕವಾಗದೆ ಇಡೀ ತಲೆಯಲ್ಲಿ ತೆಳುವಾಗುತ್ತಾ ಬರುತ್ತದೆ, ಎಳೆ ಒರಟಾಗಿ ತುಂಡಾಗುತ್ತದೆ. ಕೂದಲಿನ ಬಗ್ಗೆ ಇನ್ನೊಂದು ಮಾತು: ಇವತ್ತು ಉದುರುತ್ತಿರುವ ಕೂದಲಿಗೆ ಕಾರಣ ಸಾಮಾನ್ಯವಾಗಿ ಎರಡು ಮೂರು ತಿಂಗಳ ಹಿಂದೆ ನಡೆದಿರುತ್ತದೆ. ಜೋರು ಜ್ವರ, ಆಪರೇಷನ್, ಹೆರಿಗೆ, ಕಟ್ಟುನಿಟ್ಟಿನ ಡಯೆಟ್. ಅಂಥದ್ದೇನಾದರೂ ಆಗಿತ್ತಾ ನೆನಪು ಮಾಡಿಕೊಳ್ಳಿ.

ತೂಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಸುತ್ತ ತಪ್ಪು ಕಲ್ಪನೆ ಜಾಸ್ತಿ. ಥೈರಾಯ್ಡ್ ಕಡಿಮೆಯಾದಾಗ ಏರುವ ತೂಕ ಬಹುತೇಕ 2ರಿಂದ 5 ಕೆ.ಜಿ. ಒಳಗೇ ಇರುತ್ತದೆ. ಅದರಲ್ಲೂ ದೊಡ್ಡ ಪಾಲು ಕೊಬ್ಬಲ್ಲ, ದೇಹ ಹಿಡಿದಿಟ್ಟುಕೊಂಡ ನೀರು ಮತ್ತು ಉಪ್ಪು. ನಿಮ್ಮ ನಾಲ್ಕು ಕೆ.ಜಿ. ಈ ಲೆಕ್ಕಕ್ಕೆ ಹೊಂದುತ್ತದೆ. ಆದರೆ 15, 20 ಕೆ.ಜಿ. ಏರಿದ್ದರೆ ಅದನ್ನೆಲ್ಲ ಥೈರಾಯ್ಡ್ ತಲೆಗೆ ಕಟ್ಟಲಾಗುವುದಿಲ್ಲ. ಮಾತ್ರೆ ಶುರು ಮಾಡಿದ ಮೇಲೂ ತೂಕ ಇಳಿಯಲಿಲ್ಲ ಅಂತ ನೊಂದುಕೊಳ್ಳುವವರನ್ನು ತುಂಬಾ ನೋಡುತ್ತೇನೆ. ಮಾತ್ರೆ ಥೈರಾಯ್ಡ್‌ನಿಂದ ಬಂದ ತೂಕವನ್ನಷ್ಟೇ ಇಳಿಸುತ್ತದೆ. ತೂಕ ಇಳಿಸಲಿಕ್ಕೆ ಅಂತಲೇ ಥೈರಾಯ್ಡ್ ಮಾತ್ರೆ ನುಂಗುವುದು ಅಪಾಯ. ಹೃದಯಕ್ಕೂ ಮೂಳೆಗೂ ಪೆಟ್ಟು ಬೀಳುತ್ತದೆ.

ಉಳಿದ ಸುಳಿವುಗಳು ಸದ್ದಿಲ್ಲದೆ ಬರುತ್ತವೆ. ಮಲಬದ್ಧತೆ. ದನಿ ಒರಟಾಗುವುದು, ಫೋನಿನಲ್ಲಿ ಮಾತಾಡಿದವರು 'ಗಂಟಲು ಕಟ್ಟಿದೆಯಾ?' ಅಂತ ಕೇಳುತ್ತಾರೆ. ಬೆಳಗಿನ ಜಾವ ಕೈಬೆರಳುಗಳಿಗೆ ಜೋಮು ಹಿಡಿಯುವುದು, ಅದರಲ್ಲೂ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು. ಮಣಿಕಟ್ಟಿನಲ್ಲಿ ಊತ ಬಂದು ನರ ಒತ್ತಿದಾಗ ಹೀಗಾಗುತ್ತದೆ. ಮೀನಖಂಡ ಹಿಡಿದುಕೊಳ್ಳುವುದು. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಾಗುವುದು, ಹೆಚ್ಚು ದಿನ ಹರಿಯುವುದು. ಅದರಿಂದ ರಕ್ತಹೀನತೆಯೂ ಸೇರಿಕೊಂಡು ಸುಸ್ತು ದುಪ್ಪಟ್ಟಾಗುವುದು. ಗರ್ಭ ನಿಲ್ಲುವುದು ತಡವಾಗುವುದು. ಮಾತಾಡುತ್ತಾ ಮಾತಾಡುತ್ತಾ ಬೇಕಾದ ಪದ ಸಿಗದೆ ತಡವರಿಸುವುದು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಊಟದಲ್ಲಿ ಏನೂ ಬದಲಾಗದಿದ್ದರೂ ಕೊಲೆಸ್ಟ್ರಾಲ್ ಏರಿದ ರಿಪೋರ್ಟ್ ಬಂದರೆ ಅದಕ್ಕೆ ಮಾತ್ರೆ ಶುರು ಮಾಡುವ ಮೊದಲು ಥೈರಾಯ್ಡ್ ನೋಡಿಸಲೇಬೇಕು. ಕಾರಣ ಥೈರಾಯ್ಡೇ ಆಗಿದ್ದರೆ, ಅದು ಸರಿಹೋದಾಗ ಕೊಲೆಸ್ಟ್ರಾಲ್ ತಾನಾಗಿ ಇಳಿಯಬಹುದು.

ಡಾಕ್ಟರು ಮಾಡುವ ಒಂದು ಹಳೆಯ ಪರೀಕ್ಷೆ ನನಗೆ ಈಗಲೂ ಇಷ್ಟ. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿ ಕೂರಿಸಿ, ಪಾದ ಹೊರಗೆ ಇಳಿಬಿಟ್ಟು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಪಾದ ಚಟ್ಟನೆ ಎಗರುತ್ತದೆ. ಆರೋಗ್ಯವಂತರಲ್ಲಿ ಅಷ್ಟೇ ಬೇಗ ವಾಪಸ್ ಬರುತ್ತದೆ. ಥೈರಾಯ್ಡ್ ತೀರಾ ಕಡಿಮೆ ಇರುವವರಲ್ಲಿ ಎಗರಿದ ಪಾದ ತೇಲಿಕೊಂಡು ಬಂದಂತೆ ನಿಧಾನಕ್ಕೆ ಇಳಿಯುತ್ತದೆ. ಇಡೀ ದೇಹ ನಿಧಾನವಾಗಿರುವುದು ಆ ಒಂದು ಗಳಿಗೆಯಲ್ಲಿ ಕಣ್ಣಿಗೇ ಕಾಣುತ್ತದೆ. ನಾಡಿಯೂ ನಿಧಾನ, ಕೆಲವರಲ್ಲಿ ನಿಮಿಷಕ್ಕೆ 60ಕ್ಕಿಂತ ಕಡಿಮೆ. (ಚೆನ್ನಾಗಿ ವ್ಯಾಯಾಮ ಮಾಡುವವರಿಗೂ ಅಷ್ಟೇ ಇರುತ್ತದೆ, ಗಾಬರಿ ಬೇಡ.)

ಇದಕ್ಕೆ ಅತಿ ಸಾಮಾನ್ಯ ಕಾರಣ, ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ, ಹಶಿಮೋಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಶಿಮೋಟೊ 1912ರಲ್ಲಿ ಇದನ್ನು ವಿವರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಿ ತನ್ನ ಥೈರಾಯ್ಡ್ ಮೇಲೆ ದಾಳಿ ಮಾಡುತ್ತದೆ. ಇದು ಕುಟುಂಬದಲ್ಲಿ ಹರಿದುಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಜಾಸ್ತಿ. ಹಾಗಾಗಿ ನಿಮ್ಮ ಅಕ್ಕ ಹೇಳಿದ್ದನ್ನು ತಳ್ಳಿಹಾಕಬೇಡಿ. ಅವರಿಗೆ ಇರುವುದರಿಂದ ನಿಮಗೆ ಬಂದೇ ಇದೆ ಅಂತಲ್ಲ, ಸಾಧ್ಯತೆ ಹೆಚ್ಚು ಅಂತ. ಟೈಪ್ 1 ಮಧುಮೇಹ, ತೊನ್ನು ಇರುವವರಿಗೂ ಈ ಸಾಧ್ಯತೆ ಹೆಚ್ಚು. ಲಿಥಿಯಂ (ಮನಸ್ಸಿನ ಕಾಯಿಲೆಗೆ ಕೊಡುವುದು), ಅಮಿಯೊಡರೋನ್ (ಎದೆಬಡಿತದ ಏರುಪೇರಿಗೆ ಕೊಡುವುದು) ಮಾತ್ರೆ ತೆಗೆದುಕೊಳ್ಳುವವರು, ಕತ್ತಿಗೆ ರೇಡಿಯೇಶನ್ ಆದವರು ಲಕ್ಷಣ ಇರಲಿ ಬಿಡಲಿ, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು.

ಅಮ್ಮನ ವಿಷಯ

ಊಟ ಚೆನ್ನಾಗಿದೆ, ತೂಕ ಇಳಿಯುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ. ಈ ಮೂರು ಒಟ್ಟಿಗೆ ಬಂದಾಗ ವಯಸ್ಸು ಅಂತ ಬಿಡಬಾರದು. ಇದು ಥೈರಾಯ್ಡ್ ಜಾಸ್ತಿಯಾಗಿರುವುದರ ಸೂಚನೆ ಇರಬಹುದು. ಮಧುಮೇಹ ಇರಬಹುದು. ಬೇರೆ ಗಂಭೀರ ಕಾಯಿಲೆಯೂ ಇರಬಹುದು. ಯಾವುದೇ ಆದರೂ ಕಾಯುವಂಥದ್ದಲ್ಲ.

ಥೈರಾಯ್ಡ್ ಜಾಸ್ತಿಯಾದ ಯುವಕ ಯುವತಿಯರನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಕೂತಲ್ಲಿ ಕೂರುವುದಿಲ್ಲ. ಮಾತು ವೇಗ. ಅಂಗೈ ಬೆಚ್ಚಗೆ, ಒದ್ದೆ. ಸೆಕೆ ತಡೆಯುವುದಿಲ್ಲ. ಹಸಿವು ಜಾಸ್ತಿ, ಆದರೂ ಬಟ್ಟೆ ಸಡಿಲ. ದಿನಕ್ಕೆ ಮೂರು ನಾಲ್ಕು ಸಲ ಮಲವಿಸರ್ಜನೆ. ಮುಟ್ಟು ಕಡಿಮೆ. ಸಣ್ಣ ಮಾತಿಗೂ ಸಿಟ್ಟು, ಅಳು. ರಾತ್ರಿ ನಿದ್ದೆ ಇಲ್ಲ. ಇವರಲ್ಲಿ ಎಷ್ಟೋ ಜನ ಮೊದಲು ಆತಂಕದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಾ ಇರುತ್ತಾರೆ. ಒಂದು ವ್ಯತ್ಯಾಸ ಗಮನಿಸಿ: ಆತಂಕದಲ್ಲಿ ಕೈ ತಣ್ಣಗೆ ಬೆವರುತ್ತದೆ, ನಿದ್ದೆ ಹತ್ತಿದ ಮೇಲೆ ನಾಡಿ ಇಳಿಯುತ್ತದೆ. ಥೈರಾಯ್ಡ್‌ನಲ್ಲಿ ಕೈ ಬಿಸಿ, ನಿದ್ದೆಯಲ್ಲೂ ನಾಡಿ ಓಡುತ್ತಲೇ ಇರುತ್ತದೆ.

ವಯಸ್ಸಾದವರಲ್ಲಿ ಈ ಚಿತ್ರ ಮಸುಕು. ಅವರು ಚಡಪಡಿಸುವುದಿಲ್ಲ. ಬದಲಿಗೆ ಮಂಕಾಗಿ, ಸುಮ್ಮನೆ ಒಂದು ಕಡೆ ಕೂತುಬಿಡುತ್ತಾರೆ. ಹಸಿವು ಕೂಡ ಕೆಲವರಲ್ಲಿ ಕಡಿಮೆಯೇ ಆಗುತ್ತದೆ. ಕಾಣುವುದು ಸೊರಗುವುದು, ನಿಶ್ಶಕ್ತಿ, ಎದೆಬಡಿತದ ಏರುಪೇರು ಇಷ್ಟೇ. ನೋಡುವವರಿಗೆ ಇದು ಮುಪ್ಪು ಅನಿಸುತ್ತದೆ, ಮರೆವು ಶುರುವಾಯಿತು ಅನಿಸುತ್ತದೆ. ಅದಕ್ಕೇ ಇವರಲ್ಲಿ ಕಾಯಿಲೆ ತಡವಾಗಿ ಸಿಗುತ್ತದೆ.

ಅಮ್ಮನ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ನಿಮ್ಮ ಎರಡು ಬೆರಳಿಟ್ಟು ನಾಡಿ ನೋಡಿ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ. ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡಿನ ಲೆಕ್ಕ ಬೇಡ. ವಿಶ್ರಾಂತಿಯಲ್ಲಿ 60ರಿಂದ 100 ಸಹಜ. 90ರ ಮೇಲೇ ನಿಂತಿದ್ದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಎಣಿಕೆಗಿಂತ ಮುಖ್ಯ ಲಯ. ಬಡಿತಗಳ ನಡುವಿನ ಅಂತರ ಒಂದು ಸಲ ಉದ್ದ, ಒಂದು ಸಲ ಗಿಡ್ಡ, ಯಾವ ಲೆಕ್ಕಕ್ಕೂ ಸಿಗದೆ ಓಡುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ಬರೀ ನಡುಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. 60 ದಾಟಿದವರಲ್ಲಿ ಟಿಎಸ್‌ಎಚ್ 0.1ಕ್ಕಿಂತ ಕೆಳಗಿದ್ದರೆ ಈ ತೊಂದರೆ ಬರುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು. ಅಮ್ಮನನ್ನು ಮೊದಲು ಕರೆದುಕೊಂಡು ಹೋಗಿ ಅಂದಿದ್ದು ಇದಕ್ಕೇ. ಥೈರಾಯ್ಡ್ ಪರೀಕ್ಷೆಯ ಜೊತೆಗೆ ಇಸಿಜಿ ಕೂಡ ಅವತ್ತೇ ಆಗಲಿ.

ಮನೆಯಲ್ಲೇ ನೋಡಬಹುದಾದ್ದು ಇನ್ನೂ ಎರಡಿದೆ. ಅಮ್ಮ ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸಲಿ. ಬೆರಳುಗಳ ಮೇಲೆ ಒಂದು ತೆಳು ಕಾಗದ ಇಡಿ. ಬರಿಗಣ್ಣಿಗೆ ಕಾಣದ ಸಣ್ಣ ನಡುಕವೂ ಕಾಗದದ ಅಂಚಿನಲ್ಲಿ ಕಾಣುತ್ತದೆ. ಆಮೇಲೆ ಕೈ ಊರದೆ ಕುರ್ಚಿಯಿಂದ ಏಳಲು ಹೇಳಿ. ಥೈರಾಯ್ಡ್ ಜಾಸ್ತಿಯಾದಾಗ ತೊಡೆ ಮತ್ತು ತೋಳಿನ ಸ್ನಾಯುಗಳು ಕರಗುತ್ತವೆ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ, ತಲೆ ಬಾಚುವಾಗ ತೋಳು ಬೀಳುತ್ತದೆ. 'ಮಂಡಿ ನೋವು' ಅಂತ ಹೇಳಿದರೂ ಸರಿಯಾಗಿ ಕೇಳಿ, ನೋವಾ, ಶಕ್ತಿ ಇಲ್ಲದಿರುವುದಾ ಅಂತ.

ಕಣ್ಣುಗಳನ್ನೂ ನೋಡಿ. ಥೈರಾಯ್ಡ್ ಜಾಸ್ತಿಯಾಗುವುದಕ್ಕೆ ಮುಖ್ಯ ಕಾರಣ ಗ್ರೇವ್ಸ್ ಕಾಯಿಲೆ. ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ಬರೆದಿಟ್ಟರು. ಇದರಲ್ಲಿ ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬರುತ್ತದೆ, ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ನೇರ ನೋಡುವಾಗ ಕಪ್ಪುಗುಡ್ಡೆಯ ಮೇಲೆ ಬಿಳಿ ಕಾಣುತ್ತಿದ್ದರೆ ರೆಪ್ಪೆ ಮೇಲೆ ಸರಿದಿದೆ ಅಂತ ಅರ್ಥ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುವವರಿದ್ದು ಅವರಿಗೆ ಈ ಕಾಯಿಲೆ ಬಂದರೆ, ಅವತ್ತೇ ಬಿಡಿಸಿ. ಸಿಗರೇಟು ಈ ಕಣ್ಣಿನ ತೊಂದರೆಯನ್ನು ಬಹಳ ಕೆಡಿಸುತ್ತದೆ. ವಯಸ್ಸಾದವರಲ್ಲಿ ಗ್ರೇವ್ಸ್‌ಗಿಂತ ಥೈರಾಯ್ಡ್‌ನಲ್ಲಿರುವ ಹಳೆಯ ಗಂಟುಗಳು ಹಾರ್ಮೋನು ಸುರಿಸುವುದೂ ಸಾಮಾನ್ಯ. ಆಗ ಕಣ್ಣು ಮುಂದೆ ಬರುವುದಿಲ್ಲ.

ಕತ್ತು ನೋಡಿಕೊಳ್ಳುವುದು

ಒಂದು ಲೋಟ ನೀರು ತೆಗೆದುಕೊಂಡು ಕನ್ನಡಿ ಮುಂದೆ ನಿಲ್ಲಿ. ಬೆಳಕು ಪಕ್ಕದಿಂದ ಬೀಳಲಿ. ಗದ್ದ ಸ್ವಲ್ಪ ಮೇಲಕ್ಕೆತ್ತಿ, ಒಂದು ಗುಟುಕು ನುಂಗಿ. ನುಂಗುವಾಗ ಗಂಟಲಿನ ಗಟ್ಟಿ ಭಾಗಕ್ಕೂ ಕೊರಳಿನ ಮೂಳೆಗೂ ನಡುವಿನ ಜಾಗ ನೋಡಿ. ಅಲ್ಲಿ ಉಬ್ಬು ಇದ್ದು, ನುಂಗಿದಾಗ ಮೇಲೆ ಹೋಗಿ ಕೆಳಗೆ ಬಂದರೆ ಅದು ಥೈರಾಯ್ಡ್‌ನದ್ದು ಇರಬಹುದು. ಗಂಟಲಿನ ಗಟ್ಟಿ ಭಾಗವೂ ಹಾಗೇ ಮೇಲೆ ಕೆಳಗೆ ಆಡುತ್ತದೆ, ಅದನ್ನೇ ಗಂಟು ಅಂದುಕೊಳ್ಳಬೇಡಿ.

ಗಂಟು ಸಿಕ್ಕಿದರೆ ಎದೆ ಒಡೆದುಕೊಳ್ಳಬೇಡಿ. ಥೈರಾಯ್ಡ್ ಗಂಟುಗಳು ತುಂಬಾ ಸಾಮಾನ್ಯ, ಅದರಲ್ಲಿ 90ಕ್ಕಿಂತ ಹೆಚ್ಚು ಪಾಲು ಕ್ಯಾನ್ಸರ್ ಅಲ್ಲ. ಆದರೆ ಪ್ರತಿ ಗಂಟನ್ನೂ ಒಮ್ಮೆ ಡಾಕ್ಟರು ನೋಡಬೇಕು. ಬೇಗ ಬೆಳೆಯುತ್ತಿದ್ದರೆ, ಕಲ್ಲಿನಂತೆ ಗಟ್ಟಿ ಇದ್ದರೆ, ದನಿ ಬದಲಾಗಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕತ್ತಿನ ಪಕ್ಕದಲ್ಲೂ ಗಂಟು ಸಿಕ್ಕಿದರೆ ತಡ ಮಾಡಬೇಡಿ. ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಥೈರಾಯ್ಡ್ ಕ್ಯಾನ್ಸರ್ ಇದ್ದರೂ ರಕ್ತಪರೀಕ್ಷೆ ಬಹುತೇಕ ಸರಿಯಾಗಿಯೇ ಬರುತ್ತದೆ. 'ಟಿಎಸ್‌ಎಚ್ ನಾರ್ಮಲ್ ಇದೆ, ಗಂಟು ಇದ್ದರೆ ಇರಲಿ' ಅಂತ ಬಿಡಬೇಡಿ. ಅದಕ್ಕೆ ಅಲ್ಟ್ರಾಸೌಂಡ್ ಬೇಕು, ಕೆಲವರಿಗೆ ಸೂಜಿ ಹಾಕಿ ಪರೀಕ್ಷೆಯೂ ಬೇಕು.

ಎಲ್ಲರೂ ಮರೆಯುವ ಕೆಲವರು

ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಉರಿಯೂತ ಬರಬಹುದು. ಮೊದಲ ಕೆಲವು ತಿಂಗಳು ಎದೆಬಡಿತ, ಸಿಡಿಮಿಡಿ, ತೂಕ ಬೇಗ ಇಳಿಯುವುದು. ಆಮೇಲೆ ಅದು ತಿರುಗಿ ಸುಸ್ತು, ಮಂಕು, ಅಳು. ಮಗು ರಾತ್ರಿ ಮಲಗಲು ಬಿಡುವುದಿಲ್ಲ, ಅದಕ್ಕೇ ಹೀಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಾಣಂತಿ ಕೂಡ ಹಾಗೇ ಅಂದುಕೊಂಡು ಸಹಿಸುತ್ತಾಳೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದನ್ನು ತಿಂಗಳುಗಟ್ಟಲೆ ಅನುಭವಿಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಹಲವರಲ್ಲಿ ಇದು ತಾನಾಗಿ ಸರಿಹೋಗುತ್ತದೆ, ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಈಗಾಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಗರ್ಭಿಣಿ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಬೇಕು. ಮೊದಲ ತಿಂಗಳುಗಳಲ್ಲಿ ಮಗು ಪೂರ್ತಿ ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಹಾಗಾಗಿ ಡೋಸ್ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ನಿಮ್ಮ ಅಕ್ಕನಿಗೂ ಇದನ್ನು ಹೇಳಿಡಿ.

ಮಕ್ಕಳಲ್ಲಿ ಮೊದಲ ಸುಳಿವು ಎತ್ತರ. ತೂಕ ಏರುತ್ತಿದೆ, ಎತ್ತರ ಮಾತ್ರ ನಿಂತಿದೆ, ಓದಿನಲ್ಲಿ ಹಿಂದೆ ಬಿದ್ದಿದೆ ಅಂದರೆ ಥೈರಾಯ್ಡ್ ನೋಡಿಸಿ. ಇನ್ನು, ಆಗಷ್ಟೇ ಹುಟ್ಟಿದ ಮಕ್ಕಳ ವಿಷಯ. ಸುಮಾರು 2,000ದಿಂದ 4,000 ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ನೋಡಲು ಮಗು ಚೆನ್ನಾಗಿಯೇ ಇರುತ್ತದೆ. ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಗೊತ್ತಾಗುತ್ತದೆ. ಎರಡು ವಾರದೊಳಗೆ ಔಷಧಿ ಶುರುವಾದರೆ ಬುದ್ಧಿ ಸಹಜವಾಗಿ ಬೆಳೆಯುತ್ತದೆ, ತಡವಾದರೆ ಆ ನಷ್ಟ ತುಂಬಿಕೊಡಲಾಗುವುದಿಲ್ಲ. ಹಸುಗೂಸು ವಿಪರೀತ ನಿದ್ದೆ ಮಾಡುತ್ತಿದ್ದರೆ, ಹಾಲು ಸರಿಯಾಗಿ ಎಳೆಯದಿದ್ದರೆ, ಕಾಮಾಲೆ ವಾರಗಟ್ಟಲೆ ಹೋಗದಿದ್ದರೆ 'ಎಷ್ಟು ಪಾಪದ ಮಗು' ಅಂತ ಸಂತೋಷಪಡಬೇಡಿ, ತೋರಿಸಿ.

ಪರೀಕ್ಷೆ

ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಇರುವ ಟಿ4), ನಿಮಗೆ ಇಷ್ಟು ಸಾಕು. ಅಮ್ಮನಿಗೆ ಟಿ3 ಕೂಡ ಬೇಕು. ಖಾಲಿ ಹೊಟ್ಟೆಯಲ್ಲೇ ಆಗಬೇಕು ಅಂತೇನಿಲ್ಲ. ಆದರೆ ಟಿಎಸ್‌ಎಚ್ ದಿನದ ಬೇರೆ ಬೇರೆ ಹೊತ್ತಿಗೆ ಬದಲಾಗುತ್ತದೆ, ಬೆಳಿಗ್ಗೆ ಬೇಗ ಹೆಚ್ಚು, ಮಧ್ಯಾಹ್ನ ಕಡಿಮೆ. ಪ್ರತಿ ಸಲ ಒಂದೇ ಹೊತ್ತಿಗೆ ಕೊಟ್ಟರೆ ಹೋಲಿಸಲು ಅನುಕೂಲ.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? 'ಕೂದಲು, ಉಗುರಿಗೆ' ಅಂತ ಮಾರುವ ಹೆಚ್ಚಿನ ಮಾತ್ರೆಗಳಲ್ಲಿ ಅದು ಇರುತ್ತದೆ. ಅದು ಕೆಲವು ಲ್ಯಾಬ್ ಯಂತ್ರಗಳನ್ನು ದಾರಿ ತಪ್ಪಿಸುತ್ತದೆ. ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ, ಟಿ4 ಸುಳ್ಳುಸುಳ್ಳೇ ಜಾಸ್ತಿ ತೋರಿಸಬಹುದು. ರಕ್ತ ಕೊಡುವ ಎರಡು ಮೂರು ದಿನ ಮೊದಲು ನಿಲ್ಲಿಸಿ, ಡಾಕ್ಟರಿಗೂ ಹೇಳಿ. ಜೋರು ಜ್ವರ ಇದ್ದಾಗ, ಬೇರೆ ಕಾಯಿಲೆಗೆ ಆಸ್ಪತ್ರೆಯಲ್ಲಿ ಇದ್ದಾಗ ಮಾಡಿದ ಥೈರಾಯ್ಡ್ ಪರೀಕ್ಷೆಯನ್ನೂ ಪೂರ್ತಿ ನಂಬಲಾಗುವುದಿಲ್ಲ.

ಟಿಎಸ್‌ಎಚ್‌ನ ಸಹಜ ಮಿತಿ ಹೆಚ್ಚಿನ ಲ್ಯಾಬ್‌ಗಳಲ್ಲಿ ಸುಮಾರು 0.4ರಿಂದ 4. ನಿಮ್ಮದು 10 ದಾಟಿದ್ದು ಟಿ4 ಕಡಿಮೆ ಇದ್ದರೆ ಅನುಮಾನವೇ ಇಲ್ಲ, ಚಿಕಿತ್ಸೆ ಬೇಕು. ಕಷ್ಟ ಇರುವುದು ನಡುವಿನ ಜಾಗದಲ್ಲಿ. ಟಿಎಸ್‌ಎಚ್ 5, 6, 7 ಅಂತ ಬಂದು, ಟಿ4 ಸರಿಯಾಗಿದ್ದರೆ? ಅದೇ ದಿನ ಮಾತ್ರೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಗರ್ಭಿಣಿಯರ, ಮಗು ಬೇಕು ಅಂತ ಪ್ರಯತ್ನಿಸುತ್ತಿರುವವರ ಮಾತು ಬೇರೆ. ಉಳಿದವರು ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಎಷ್ಟೋ ಜನರಲ್ಲಿ ಅದು ತಾನಾಗಿ ಇಳಿದಿರುತ್ತದೆ. ಜೊತೆಗೆ ಆಂಟಿ ಟಿಪಿಒ (ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯಾ ಅಂತ ತೋರಿಸುವ) ಪರೀಕ್ಷೆ ಮಾಡಿಸಿದರೆ, ಅದು ಪಾಸಿಟಿವ್ ಬಂದರೆ ಮುಂದೆ ಕಾಯಿಲೆ ಬಲಿಯುವ ಸಾಧ್ಯತೆ ಹೆಚ್ಚು ಅಂತ ತಿಳಿಯುತ್ತದೆ. 70 ದಾಟಿದವರಲ್ಲಿ ಟಿಎಸ್‌ಎಚ್ ಸ್ವಲ್ಪ ಮೇಲಿರುವುದು ವಯಸ್ಸಿಗೆ ತಕ್ಕದ್ದೇ ಇರಬಹುದು.

ಟಿಎಸ್‌ಎಚ್ ಒಂದನ್ನೇ ನೋಡಿದರೆ ತಪ್ಪಿಹೋಗುವ ಅಪರೂಪದ ಸಂದರ್ಭವೊಂದಿದೆ. ತೊಂದರೆ ಪಿಟ್ಯುಟರಿಯಲ್ಲೇ ಇದ್ದಾಗ ಟಿ4 ಕಡಿಮೆ ಇದ್ದರೂ ಟಿಎಸ್‌ಎಚ್ ಏರುವುದಿಲ್ಲ. ತಲೆನೋವು, ಪಕ್ಕದ ದೃಷ್ಟಿ ಮಸುಕಾಗುವುದು, ಮುಟ್ಟು ನಿಲ್ಲುವುದು ಜೊತೆಗಿದ್ದರೆ ಡಾಕ್ಟರು ಈ ಕಡೆ ಯೋಚಿಸುತ್ತಾರೆ. ಫ್ರೀ ಟಿ4 ಕೂಡ ಮಾಡಿಸಿ ಅಂದಿದ್ದು ಅದಕ್ಕೇ.

ಮಾತ್ರೆ ಬೇಕು ಅಂತಾದರೆ ಲೆವೊಥೈರಾಕ್ಸಿನ್ ಕೊಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು, ತಿಂಡಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಒಂದು ಡೋಸಿನ ಪರಿಣಾಮ ನೆಲೆಗೊಳ್ಳಲು 6ರಿಂದ 8 ವಾರ ಹಿಡಿಯುತ್ತದೆ. ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ.

ನಿಮ್ಮ ರಿಪೋರ್ಟ್ ಪೂರ್ತಿ ಸರಿ ಇದೆ ಅಂತ ಬಂದರೆ? 'ಏನೂ ಇಲ್ಲವಂತೆ' ಅಂತ ಮನೆಗೆ ಬರಬೇಡಿ. ನಿಮ್ಮ ಸುಸ್ತು ನಿಜ, ಕಾರಣ ಬೇರೆ ಕಡೆ ಇದೆ ಅಷ್ಟೇ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಅಂತ ತೋರಿಸುವುದು) ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು, ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯ. ಬಿ12, ಸಕ್ಕರೆ ನೋಡಿಸಿ. ರಾತ್ರಿ ಗೊರಕೆ ಇದೆಯಾ, ಉಸಿರು ಕಟ್ಟಿ ಎಚ್ಚರವಾಗುತ್ತದೆಯಾ ಅಂತ ಮನೆಯವರನ್ನು ಕೇಳಿ. ನಿದ್ದೆ ಮಾಡಿದರೂ ಬೆಳಿಗ್ಗೆ ಮೈ ಭಾರ ಅಂದಿದ್ದೀರಲ್ಲ, ಅದಕ್ಕೆ ಇದೂ ಕಾರಣ ಇರಬಹುದು. ಮನಸ್ಸಿನ ಭಾರ ಇದ್ದರೆ ಅದನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಬದಲಾವಣೆ ಯಾವ ತಿಂಗಳಲ್ಲಿ ಶುರುವಾಯಿತು, ಕಳೆದ ಮೂರು ಮುಟ್ಟಿನ ದಿನಾಂಕ, ಬೆಳಗಿನ ನಾಡಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳು, ಮನೆಯಲ್ಲಿ ಯಾರಿಗೆಲ್ಲ ಥೈರಾಯ್ಡ್ ಇದೆ. ಅಮ್ಮನದ್ದಕ್ಕೆ ಇನ್ನೊಂದು ಹಾಳೆ. ಅವರ ತೂಕ ಒಂದು ವರ್ಷದಲ್ಲಿ ಎಷ್ಟು ಇಳಿದಿದೆ ಅಂತ ಹಳೆಯ ಚೀಟಿಗಳಲ್ಲಿ ಹುಡುಕಿ. ಅಷ್ಟರೊಳಗೆ ಅವರಿಗೆ ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು, ಜೋರು ಜ್ವರದ ಜೊತೆ ಗೊಂದಲ ಮತ್ತು ಎದೆಬಡಿತ, ಬಾಯಿ ಓರೆಯಾಗುವುದು, ಕೈಕಾಲಿನ ಶಕ್ತಿ ಹೋಗುವುದು ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ.